ಚಾವಣಿಗೆ ಹೋದ ಅಕ್ಕಿ

"ದೇವರ ಮಡಕೆಗೆ ಕೈ ಹಾಕಿದೋರು ಯಾರು?!"

ಭಾನುವಾರ ಬೆಳಿಗ್ಗೆ ವಾನ್ ಕಿಲ್ ಹಾಕಿದ ಆ ಕೂಗಿಗೆ ಕಂಬಗಳ ಮೇಲೆ ನಿಂತ ಮನೆಯಡಿ ಮಲಗಿದ್ದ ಹಂದಿಗಳೂ ಬೆಚ್ಚಿಬಿದ್ದವು. ಒಲೆಯ ಮುಂದೆ ಕೂತಿದ್ದ ಸೊಸೆ ಸುಯಿ ಪಾರ್ ತಲೆಯೆತ್ತಲಿಲ್ಲ. ಅವಳ ತೊಡೆಯ ಮೇಲೆ ಮೂರು ವರ್ಷದ ರೆಮ್, ದಡಾರ ಎದ್ದು ಇಳಿದ ಮೈ, ಗುಬ್ಬಿಯಷ್ಟೇ ಹಗುರ... ಪಕ್ಕದಲ್ಲಿ ಅರ್ಧ ಖಾಲಿಯಾದ ಗಂಜಿಯ ಬಟ್ಟಲು.

ನಮ್ಮ ಚಿನ್ ಬೆಟ್ಟದ ಮನೆಗಳಲ್ಲಿ ಎಸರಿಟ್ಟಾಗಲೆಲ್ಲ ಒಂದು ಹಿಡಿ ಅಕ್ಕಿ ದೇವರಿಗೆ ತೆಗೆದಿಡಬೇಕು. ದಿನದೂಟ ಮುಸುಕಿನ ಜೋಳದ ನುಚ್ಚೇ ಆದರೂ, ಅದಕ್ಕೆ ಬೆರೆಸಲು ಅಳೆದ ಚೂರು ಅಕ್ಕಿಯಲ್ಲೇ ಹಿಡಿ ತೆಗೆಯುತ್ತೇವೆ. ಭಾನುವಾರ ಹೆಂಗಸರು ಅದನ್ನು ಚರ್ಚಿನ ಸಭೆಗೆ ಒಯ್ದು ಸುರಿಯುತ್ತಾರೆ. ಊರೂರಿಗೆ ಸುವಾರ್ತೆ ಸಾರಲು ಹೋದವರು ಬದುಕಿದ್ದೇ ಆ ಅಕ್ಕಿಯಿಂದ. ಎಂಥ ಬರ ಬಂದರೂ ಆ ಮಡಕೆಯಿಂದ ವಾಪಸು ತೆಗೆದವರನ್ನು ನಮ್ಮೂರು ಕಂಡಿರಲಿಲ್ಲ.

"ನಾನೇ ತೆಗೆದೆ ಅತ್ತೆ. ಮಗೂಗೆ ನುಚ್ಚು ಕೊಟ್ರೆ ವಾಂತಿ. ಮನೇಲಿ ಬೇರೆ ಅಕ್ಕಿ ಎಲ್ಲಿ ಉಳಿದಿತ್ತು?"

"ನನ್ನನ್ನ ಕೇಳ್ಬೇಕಿತ್ತು!"

"ಕೇಳಿದೆ. ಪ್ರಾರ್ಥನೆ ಮಾಡು ಅಂದ್ರಿ. ಪ್ರಾರ್ಥನೇನೂ ಮಾಡಿದೆ. ಆಮೇಲೆ ಗಂಜಿ ಮಾಡಿದೆ."

"ಬಾಯಿ ನೋಡು ಇವಳ್ದು! ನನ್ನ ಮಗ ದಕ್ಷಿಣದ ಕಾಡಲ್ಲಿ ಹಾವು ತುಳ್ಕೊಂಡು, ಚಳಿಜ್ವರ ಹೊದ್ಕೊಂಡು ದೇವರ ಮಾತು ಹೇಳ್ತಿದಾನೆ. ಅವನ ತಲೆ ಕಾಯೋದೇ ಈ ಮಡಕೆ ಕಣೇ! ಅದಕ್ಕೇ ಕನ್ನ ಹಾಕಿದ್ಯಲ್ಲ... ನಾಳೆ ಅವನಿಗೇನಾದ್ರೂ ಆದ್ರೆ?" ವಾನ್ ಕಿಲ್‌ಳ ದನಿ ಒಡೆಯಿತು. ಸಿಟ್ಟಿನ ಕೆಳಗೆ ತಾಯಿಯ ಭಯ ಇತ್ತು, ಸುಳ್ಳಲ್ಲ. ಆದರೆ ಅದರ ಮೇಲೆ ಒಂದು ಹೆಮ್ಮೆಯೂ ಕೂತಿತ್ತು. ಹೆಂಗಸರ ಸಂಘಕ್ಕೆ ಅವಳೇ ಹಿರಿಯಳು. ಹೊಸ ಚರ್ಚಿನ ಗೋಡೆಗೆ ಕಡಲಾಚೆಯ ಮಿಷನ್ನಿನವರು ಹಣ ಕೊಟ್ಟಿದ್ದರು. ಚಾವಣಿಯ ತಗಡು ಮಾತ್ರ ನಮ್ಮ ಹಿಡಿಯಕ್ಕಿ ಮಾರಿದ ದುಡ್ಡಿನಿಂದಲೇ ಆಗಬೇಕೆಂದು ಊರೆದುರು ಹಟ ಹಿಡಿದಿದ್ದವಳು ಅವಳು.

ಮೂಲೆಯಲ್ಲಿ ಮಾವ ತಾಂಗ್ ಝಾ ಎಂದಿನಂತೆ ತಲೆ ತಗ್ಗಿಸಿ ಬುಟ್ಟಿ ಹೆಣೆಯುತ್ತಲೇ ಇದ್ದ.

ಸಭೆಯಲ್ಲಿ ಹೆಂಗಸರು ಸಾಲಾಗಿ ಬಂದು ಅಕ್ಕಿ ಸುರಿದರು. ವಾನ್ ಕಿಲ್‌ಳ ಸರದಿ ಬಂತು. ಅವಳು ಸುರಿಯಲಿಲ್ಲ. ಬುಟ್ಟಿ ಎದೆಗೊತ್ತಿಕೊಂಡು, "ಪಾಸ್ಟರೇ, ನಮ್ಮನೆ ಬುಟ್ಟಿ ಈ ಸಲ ಕಡಿಮೆ. ನನ್ನ ಸೊಸೆ ಮೀಸಲು ಕದ್ದಿದಾಳೆ. ಸಭೆಯೇ ನ್ಯಾಯ ಹೇಳ್ಲಿ," ಎಂದುಬಿಟ್ಟಳು!

ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಸುಯಿ ಪಾರ್ ಎದ್ದು ನಿಂತಳು.

"ಕದ್ದೆನಾ? ಯಾರ್ದನ್ನ? ಎಲ್ಲರ ತಟ್ಟೆಗೂ ಬಡಿಸಿ ಕೊನೇಲಿ ಉಣ್ಣೋಳು ನಾನು. ನೀವು ತೆಗೆದ ಹಿಡಿ ಕಡಿಮೆ ಬೀಳ್ತಿದ್ದಿದ್ದು ಯಾರ ತಟ್ಟೇಲಿ ಅತ್ತೆ? ಈ ಮಗೂ ಅಪ್ಪ ಸೇವೆಗೆ ಹೋದಾಗಿನಿಂದ ದೇವರಿಗೆ ಕೊಟ್ಟೋಳು ನಾನು, ಹೊಗಳಿಸ್ಕೊಂಡೋರು ನೀವು! ನನ್ನ ಹಸಿವಿಂದ ಒಂದು ಬಟ್ಟಲು ನನ್ನ ಮಗೂಗೆ ವಾಪಸು ತಗೊಂಡೆ. ಅದು ಕಳ್ಳತನವಾ?"

ಪಾಸ್ಟರ್ ಚುಂಗ್ ಹುಬ್ಬು ಗಂಟಿಕ್ಕಿದರು.

"ಅಲ್ಲಮ್ಮಾ, ಅಕ್ಕಿ ಇಲ್ಲ ಅಂದ್ರೇನು? ಸೇವೆಗೆ ಹೋದವರ ಮನೆಗೆ ತಿಂಗಳಿಗೊಂದು ಬುಟ್ಟಿ ಅಕ್ಕಿ ಕೊಡೋದು ನಮ್ಮ ಪದ್ಧತಿ. ನಿಮ್ಮನೆಗೆ ಬೇಡ, ಅದನ್ನೂ ಚಾವಣಿಗೇ ಹಾಕಿ ಅಂತ ನಿಮ್ಮತ್ತೇನೇ ಬಂದು ಹೇಳಿದ್ರು. ಮನೇಲೆಲ್ಲ ಸೇರಿ ಒಪ್ಪಿದ್ದೀವಿ ಅಂದ್ರಲ್ಲ..."

ಸುಯಿ ಪಾರ್‌ಗೆ ಒಂದು ಗಳಿಗೆ ಮಾತು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಕತ್ತೆತ್ತಿ ಚಾವಣಿ ನೋಡಿದಳು. ತನ್ನ ಮಗುವಿನ ಬಾಯಿಗೆಂದು ಸಭೆ ಎತ್ತಿಟ್ಟ ಅಕ್ಕಿ... ಗಂಡನ ಬೆವರಿನ ಅಕ್ಕಿ... ತಲೆಯ ಮೇಲೆ ತಗಡಾಗಿ ಹೊಳೆಯುತ್ತಿತ್ತು!

"ಊರಿಗೆ ಮಾದರಿ ಆಗ್ಬೇಕಿತ್ತು..." ವಾನ್ ಕಿಲ್ ತೊದಲಿದಳು. "ಕೊಡ್ತಾರೆ ಅಂತ ಇಸ್ಕೊಂಡ್ರೆ ಮಗನ ಸೇವೆಗೆ ಬೆಲೆ ಕಟ್ಟಿದ ಹಾಗಲ್ವಾ..."

ಗಂಡಸರ ಸಾಲಿನಿಂದ ತಾಂಗ್ ಝಾ ಎದ್ದು ಬಂದ. ಹೆಂಡತಿಯ ಕೈಯಿಂದ ಬುಟ್ಟಿ ಕಿತ್ತುಕೊಂಡ.

"ಹುಲ್ಲಿನ ಸೂರಿನ ಕೆಳಗೆ ನಾವು ಹಾಡ್ಲಿಲ್ವೇನೇ? ಆಗ ದೇವರು ಕಿವುಡಾಗಿದ್ನೇನೇ? ಮಗೂ ಬಾಯಿಂದ ಕಿತ್ತು ಹೆಸರು ಮಾಡ್ಕೊಂಡ್ಯಲ್ಲೇ... ಥೂ!" ಬುಟ್ಟಿಯನ್ನು ಸೊಸೆಯ ಕೈಗಿಟ್ಟ. "ತಗೊಂಡ್ಹೋಗವ್ವಾ, ಒಲೆ ಹಚ್ಚು. ಯಾವನು ತಡೀತಾನೋ ನೋಡ್ತೀನಿ."

ಯಾರೂ ತಡೆಯಲಿಲ್ಲ. ಆದರೆ ಸಭೆಯ ಹಿರಿಯರು ಅಷ್ಟಕ್ಕೇ ಬಗ್ಗುವವರಲ್ಲ. ನಿಂತುಹೋಗಿದ್ದ ಅಕ್ಕಿಯನ್ನು ಅವರು ಮರುದಿನವೇ ಮನೆಗೆ ಕಳಿಸಿಕೊಟ್ಟರು, ನಿಜ. ಮೀಸಲು ಮುಟ್ಟಿದ್ದು ಮಾತ್ರ ತಪ್ಪೇ, ಒಪ್ಪಿಕೊಂಡು ಕ್ಷಮೆ ಕೇಳುವವರೆಗೆ ಸುಯಿ ಪಾರ್‌ಗೆ ತಿಂಗಳಿಗೊಮ್ಮೆ ಸಭೆ ಹಂಚುವ ಪ್ರಭುವಿನ ರೊಟ್ಟಿ, ದ್ರಾಕ್ಷಾರಸ ಇಲ್ಲ ಎಂದರು. ಅಂಥವರು ಹಿಂದಿನ ಬೆಂಚಿನಲ್ಲಿ ಕೂರಬೇಕು. ಪಾಸ್ಟರೇ ಮನೆಗೆ ಬಂದು, "ಒಂದು ಮಾತು ಅಂದ್ಬಿಡಮ್ಮಾ, ಮುಗಿದೋಗುತ್ತೆ," ಎಂದು ಕೇಳಿಕೊಂಡರು.

"ಮಗೂಗೆ ಗಂಜಿ ಹಾಕಿದ್ದು ತಪ್ಪು ಅಂತ ನನ್ನ ಬಾಯಲ್ಲಿ ಬರಲ್ಲ ಪಾಸ್ಟರೇ. ಹಿಂದೇನೇ ಕೂರ್ತೀನಿ."

ಅತ್ತೆಯೊಡನೆ ಅವಳು ಮಾತು ಬಿಟ್ಟಳು. ಒಂದೇ ಒಲೆ, ಒಂದೇ ಬೆಂಕಿ, ಇಬ್ಬರು ಮೂಗಿಯರು.

ಮುಂದಿನ ರೊಟ್ಟಿಯ ಭಾನುವಾರ ಬಂತು. ಸುಯಿ ಪಾರ್ ಮಗುವಿನೊಡನೆ ಹಿಂದಿನ ಬೆಂಚಿನಲ್ಲಿ ನೆಟ್ಟಗೆ ಕೂತಿದ್ದಳು. ತಟ್ಟೆ ಮುಂದಿನ ಸಾಲಿಗೆ ಬಂದಾಗ ವಾನ್ ಕಿಲ್ ರೊಟ್ಟಿ ಮುಟ್ಟದೆ ಪಕ್ಕದವಳಿಗೆ ದಾಟಿಸಿದಳು. ಎದ್ದಳು. ಎಲ್ಲರ ಕಣ್ಣೆದುರಿಗೇ ನಡುದಾರಿಯಲ್ಲಿ ನಡೆದು ಹಿಂದಕ್ಕೆ ಬಂದು ನಿಂತಳು.

"ಸ್ವಲ್ಪ ಜರುಗು."

"ನಿಮ್ಮ ಜಾಗ ಮುಂದಿದೆ ಅತ್ತೆ."

"ಅಲ್ಲಿ ಕೂರೋ ಮುಖ ಇಲ್ಲ ಕಣೇ... ನೀನು ಇಲ್ಲಿರೋವರೆಗೂ ಆ ರೊಟ್ಟಿ ನನ್ನ ಗಂಟಲಲ್ಲಿ ಇಳಿಯಲ್ಲ."

"ನನ್ನ ಸಿಟ್ಟು ಇಳಿದಿಲ್ಲ."

"ಇಳಿಸ್ಬೇಡ. ಇಟ್ಕೋ. ಜಾಗ ಮಾತ್ರ ಕೊಡು."

ಸುಯಿ ಪಾರ್ ಅತ್ತೆಯ ಮುಖ ನೋಡಲಿಲ್ಲ. ಮಗುವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು, ಬೆಂಚಿನ ತುದಿಗೆ ಜರುಗಿದಳು.