ಮೂರು ಹಾಡಿನ ಹಾಲು

“ಉಕ್ತು, ಉಕ್ತು! ಪಟಾಕಿ, ಉಕ್ತು ನೋಡೇ!” ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಅಪ್ಪ ಕೂಗಿದರು.

ಪಾತ್ರೆಯಲ್ಲಿ ಸೋಯಾ ಹಾಲಿನ ಬಿಳಿ ನೊರೆ ಬುಸ್ಸೆಂದು ಮೇಲೇರುತ್ತಿತ್ತು. ಪಟಾಕಿ ಟಕ್ಕನೆ ಗ್ಯಾಸ್ ಆರಿಸಿದಳು. ಅಂಚಿನವರೆಗೆ ಬಂದ ನೊರೆ ನಾಚಿಕೊಂಡಂತೆ ಕೆಳಗಿಳಿಯಿತು.

“ನೋಡಿದ್ರಾ ಅಪ್ಪಾ? ಒಂದೇ ಒಂದು ಡ್ರಾಪ್ ಕೂಡ ಚೆಲ್ಲಲಿಲ್ಲ!”

“ಇಷ್ಟು ಬೇಗ ಆಗೋಯ್ತಾ? ದೊಡ್ಡಮ್ಮಂಗೆ ಒಂದು ಫೋನ್ ಮಾಡಿ ಕೇಳ್ಬೇಕಿತ್ತೇನೋ.”

“ನಂಗೆಲ್ಲಾ ಗೊತ್ತಪ್ಪಾ! ದೊಡ್ಡಮ್ಮ ಮಾಡೋದನ್ನ ನಾನು ಎಷ್ಟು ಸಲ ನೋಡಿಲ್ಲ?”

ನೋಡಿದ್ದೇನೋ ನಿಜ. ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಪಕ್ಕದ ಬೀದಿಯಲ್ಲಿ ಸೋಯಾ ಹಾಲು, ಬಾದಾಮಿ ಹಾಲು, ಗೋಡಂಬಿ ಹಾಲು ಮಾಡಿ ಮಾರುತ್ತಿದ್ದರು. ಇದ್ದದ್ದು ಒಂದೇ ಕೋಣೆ. ಅದರಲ್ಲೇ ಗ್ರೈಂಡರ್, ದೊಡ್ಡ ಒಲೆ, ಬಾಟಲಿ ತುಂಬಿದ ಫ್ರಿಜ್, ಕಿಟಕಿಯಲ್ಲೊಂದು ಹಳೇ ರೇಡಿಯೋ. ಸ್ಕೂಲ್ ಬಿಟ್ಟ ಮೇಲೆ ಪಟಾಕಿ ಹೋಂವರ್ಕ್ ಮಾಡುವುದು ಅಲ್ಲೇ. ದೊಡ್ಡಮ್ಮ ಸೋಯಾ ಹಾಲಿನ ಮುಂದೆ ನಿಂತರೆಂದರೆ ಮುಗಿಯಿತು, ಸೌಟು ತಿರುಗಿಸುತ್ತಾ, ರೇಡಿಯೋಗೆ ತಲೆದೂಗುತ್ತಾ ನಿಂತೇ ಇರುತ್ತಿದ್ದರು.

“ಎಷ್ಟು ಸ್ಲೋ ದೊಡ್ಡಮ್ಮಾ ನೀವು!” ಎಂದು ಪಟಾಕಿ ಗೊಣಗಿದರೆ, “ಮೂರು ಹಾಡು ಆಗ್ಲಿ ಇರು ಮರಿ,” ಎನ್ನುತ್ತಿದ್ದರು. ದೊಡ್ಡಮ್ಮನಿಗೆ ಹಾಡಿನ ಹುಚ್ಚು ಎಂದುಕೊಂಡಿದ್ದಳು ಪಟಾಕಿ.

ಪಟಾಕಿ ಎಂಬ ಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ. ಟೀಚರ್ ಪ್ರಶ್ನೆ ಮುಗಿಸುವ ಮೊದಲೇ ಇವಳ ಉತ್ತರ ಸಿಡಿಯುತ್ತಿತ್ತು. ಸರಿಯೋ ತಪ್ಪೋ, ಅದು ಬೇರೆ ಮಾತು.

ಇವತ್ತು ಕ್ಲಾಸಿನಲ್ಲಿ ‘ನಾನೇ ಮಾಡಿದ್ದು’ ದಿನ. ಎಲ್ಲರೂ ತಮ್ಮ ಕೈಯಾರೆ ಮಾಡಿದ್ದನ್ನು ತಂದು ತೋರಿಸಬೇಕು. ಇಡೀ ಕ್ಲಾಸಿಗೆ ಸೋಯಾ ಹಾಲು ತರುತ್ತೇನೆ ಎಂದು ಪಟಾಕಿ ಹೇಳಿಬಿಟ್ಟಿದ್ದಳು. ಇಡೀ ಕ್ಲಾಸಿಗೆ ಅನ್ನುವುದು ಬಾಯಿಮಾತು. ಮನಸ್ಸಿನಲ್ಲಿದ್ದವಳು ಗುಬ್ಬಿ ಒಬ್ಬಳೇ.

ಗುಬ್ಬಿ ಅವಳ ಬೆಂಚ್‌ಮೇಟ್. ಸಣ್ಣ ಹುಡುಗಿ, ಅದಕ್ಕಿಂತ ಸಣ್ಣ ದನಿ. ಹಸುವಿನ ಹಾಲು ಕುಡಿದರೆ ಅವಳ ಹೊಟ್ಟೆ ಗುಡುಗುಡು ಅಂದು ದಿನವಿಡೀ ನೋಯುತ್ತಿತ್ತು. ಬುಧವಾರ ಸ್ಕೂಲಿನಲ್ಲಿ ಹಾಲು ಕೊಡುವಾಗ ಗುಬ್ಬಿಯೂ ಎಲ್ಲರ ಜೊತೆ ಲೋಟ ಹಿಡಿದು ಕೂರುತ್ತಿದ್ದಳು. ಖಾಲಿ ಲೋಟ. ಅದನ್ನೇ ತುಟಿಗೆ ಒತ್ತಿ, ಆಮೇಲೆ ಎಲ್ಲರಂತೆ ಬಾಯಿ ಒರೆಸಿಕೊಳ್ಳುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ಪಟಾಕಿಗೆ ಕರುಳು ಚುರುಕ್ ಅನ್ನುತ್ತಿತ್ತು.

“ಸೋಯಾ ಹಾಲು ನಿಂಗೇನೂ ಮಾಡಲ್ಲ ಕಣೇ. ಗ್ಯಾರಂಟಿ!” ಎಂದು ಅವಳು ಒಂದು ವಾರದಿಂದ ಹೇಳುತ್ತಿದ್ದಳು.

“ಅಮ್ಮ ಒಂದೇ ಒಂದ್ಸಲ ಟ್ರೈ ಮಾಡು ಅಂದಿದ್ದಾರೆ. ಹೊಟ್ಟೆ ನೋವು ಬಂತೋ, ಇನ್ಯಾವ ಹಾಲೂ ಬೇಡವಂತೆ,” ಎಂದಿದ್ದಳು ಗುಬ್ಬಿ.

ಪಟಾಕಿಯ ಸರದಿ ಬಂತು. ಸ್ಟೀಲ್ ಕ್ಯಾನನ್ನು ಮೇಜಿನ ಮೇಲಿಟ್ಟು ಸೊಂಟಕ್ಕೆ ಕೈಕೊಟ್ಟು ನಿಂತಳು. ಟೀಚರ್ ಹಾಲನ್ನು ಪೇಪರ್ ಕಪ್ಪುಗಳಿಗೆ ಸುರಿದು ಹಂಚತೊಡಗಿದರು. “ಎಲ್ಲರಿಗೂ ಸಿಗೋ ತನಕ ಯಾರೂ ಕುಡೀಬೇಡಿ,” ಎಂದರು.

“ಸೋಯಾ ಕಾಳನ್ನ ರಾತ್ರಿ ನೆನೆಹಾಕ್ಬೇಕು,” ಪಟಾಕಿ ಶುರು ಮಾಡಿದಳು. “ಬೆಳಿಗ್ಗೆ ನೋಡಿದ್ರೆ ಡಬಲ್ ಸೈಜ್! ಉಜ್ಜಿದ್ರೆ ಸಿಪ್ಪೆ ಬಿಡುತ್ತೆ. ನೀರು ಹಾಕಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡೋದು. ಹಾಲು ಕೆಳಗೆ, ಹಿಪ್ಪೆ ಬಟ್ಟೇಲಿ. ನನ್ನ ಕೈ ನೋಡಿ, ಹಿಂಡಿ ಹಿಂಡಿ ಹೇಗೆ ಕೆಂಪಾಗಿದೆ!”

ಹಿಂದಿನ ಬೆಂಚಿನ ಕನ್ನಡಕದ ಹುಡುಗ ಕೈಯೆತ್ತಿದ. “ಬಾದಾಮಿ ಹಾಲೂ ಹೀಗೇನಾ?”

“ಅದಿನ್ನೂ ಈಜಿ. ನೆನೆಸು, ರುಬ್ಬು, ಸೋಸು, ಕುಡಿ. ಒಲೇನೇ ಬೇಡ. ಸೋಯಾ ಹಾಗಲ್ಲಪ್ಪ. ಹಸಿ ಇದ್ರೆ ಹೊಟ್ಟೆ ಕೆಡಿಸುತ್ತೆ. ಚೆನ್ನಾಗಿ ಬೇಯಿಸ್ಬೇಕು.”

ಅವನು ನೋಟ್‌ಬುಕ್ ತೆಗೆದು ಬರೆದುಕೊಳ್ಳುತ್ತಿದ್ದ. “ಎಷ್ಟು ನಿಮಿಷ?”

“ನಿಮಿಷ ಗಿಮಿಷ ಏನಿಲ್ಲ. ಉಕ್ಕಿದ ಮೇಲೂ ನಮ್ಮ ದೊಡ್ಡಮ್ಮ ಉರಿ ಸಣ್ಣ ಮಾಡಿ ತಿರುವುತ್ತಾನೇ ಇರ್ತಾರೆ. ಮೂರು ಹಾಡು ಮುಗಿಯೋ ತನಕ…”

ಪಟಾಕಿ ಮಾತು ನಿಲ್ಲಿಸಿ ಕ್ಯಾನಿನ ಕಡೆ ನೋಡಿದಳು.

ಅಯ್ಯೋ, ಮೂರು ಹಾಡು! ದೊಡ್ಡಮ್ಮ ಹಾಡಿಗೋಸ್ಕರ ನಿಲ್ಲುತ್ತಿರಲಿಲ್ಲ, ಹಾಲಿಗೋಸ್ಕರ ನಿಲ್ಲುತ್ತಿದ್ದರು. ತಾನು ಮಾಡಿದ್ದೇನು? ನೊರೆ ಕಂಡ ಕೂಡಲೇ ಟಕ್. ಮೂರು ಹಾಡಿರಲಿ, ಮೂರು ಸಾಲು ಹಾಡುವಷ್ಟು ಹೊತ್ತೂ ಬೇಯಿಸಿರಲಿಲ್ಲ.  ಪಟಾಕಿ ಒಂದು ಕಪ್ಪೆತ್ತಿ ಮೂಸಿದಳು. ಹಸಿ ಕಾಳಿನ ವಾಸನೆ ಮೂಗಿಗೆ ಬಡಿಯಿತು.

ಸುಮ್ಮನಿದ್ದುಬಿಡಲಾ? ಒಬ್ಬೊಬ್ಬರಿಗೆ ಇಷ್ಟೇ ಇಷ್ಟು ಹಾಲು. ಯಾರಿಗೆ ಗೊತ್ತಾಗುತ್ತೆ? ಮೂವತ್ತು ಜೊತೆ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಗುಬ್ಬಿಯಂತೂ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕಾಯುತ್ತಿದ್ದಳು.

“ಹೂಂ, ಈಗ ಕುಡೀರಿ,” ಎಂದರು ಟೀಚರ್.

ಗುಬ್ಬಿ ಕಪ್ಪನ್ನು ತುಟಿಯ ಹತ್ತಿರ ತಂದಳು.

“ಗುಬ್ಬೀ, ಬೇಡ! ಯಾರೂ ಕುಡೀಬೇಡಿ!” ಪಟಾಕಿ ಕಿರುಚಿದಳು. “ಇದು… ಇದು ಬೆಂದಿಲ್ಲ. ನಾನೇ ಬೇಗ ಇಳಿಸ್ಬಿಟ್ಟೆ.”

“ಪಟಾಕಿ ಠುಸ್!” ಎಂದು ಯಾರೋ ಕೂಗಿದರು. ಇಡೀ ಕ್ಲಾಸ್ ಗೊಳ್ಳೆಂದು ನಕ್ಕಿತು.

ಪಟಾಕಿಯ ಮುಖ ಕೆಂಪಾಯಿತು. ಗುಬ್ಬಿ ಮಾತ್ರ ನಗಲಿಲ್ಲ. ಕಪ್ಪನ್ನು ಮೆಲ್ಲಗೆ ಕೆಳಗಿಟ್ಟು, ಅಭ್ಯಾಸಬಲದಿಂದ ಒಣ ತುಟಿಯನ್ನೇ ಒರೆಸಿಕೊಂಡಳು. ಕ್ಲಾಸು ನಕ್ಕಿದ್ದಕ್ಕಿಂತ ಪಟಾಕಿಗೆ ಜಾಸ್ತಿ ನೋವಾದದ್ದು ಅದನ್ನು ನೋಡಿ.

“ಟೀಚರ್, ಕ್ಯಾಂಟೀನಲ್ಲಿ ಒಲೆ ಇದೆಯಲ್ಲ? ನಾನು ಇದನ್ನ ಸರಿಯಾಗಿ ಬೇಯಿಸ್ತೀನಿ.”

“ಲಾಂಗ್ ಬೆಲ್ಲಿಗೆ ಇನ್ನು ಇಪ್ಪತ್ತೇ ನಿಮಿಷ ಇದೆ ಮರಿ. ಆಮೇಲೆ ಎಲ್ಲರೂ ಮನೆಗೆ ಹೋಗ್ತಾರೆ.”

“ಹೋಗ್ಲಿ ಟೀಚರ್. ಗುಬ್ಬಿ ಇರ್ತಾಳೆ. ಇರ್ತೀಯ ತಾನೇ?”

ಗುಬ್ಬಿ ತಲೆಯಾಡಿಸಿದಳು. ಕಪ್ಪುಗಳ ಹಾಲೆಲ್ಲ ಮತ್ತೆ ಕ್ಯಾನಿಗೆ ಹೋಯಿತು.

ಕ್ಯಾಂಟೀನ್ ಮಾಮ ದೊಡ್ಡ ಪಾತ್ರೆಗೆ ಹಾಲು ಸುರಿದು ಒಲೆ ಹಚ್ಚಿಕೊಟ್ಟರು. ಸ್ವಲ್ಪ ಹೊತ್ತಿಗೆ ನೊರೆ ಬುಸ್ಸೆಂದು ಎದ್ದಿತು.

“ಆಯ್ತಲ್ಲ, ಉಕ್ಕೇ ಬಿಡ್ತು!” ಎಂದು ಮಾಮ ಒಲೆ ಆರಿಸಲು ಹೋದರು.

“ಮುಟ್ಬೇಡಿ ಮಾಮಾ! ಅದು ಸುಳ್ಳು ಕುದಿ. ಬೆಳಿಗ್ಗೆ ನಂಗೆ ಹೀಗೇ ಟೋಪಿ ಹಾಕಿದ್ದು!” ಪಟಾಕಿ ಉರಿ ಸಣ್ಣ ಮಾಡಿಸಿದಳು. ದೊಡ್ಡಮ್ಮನ ಥರ ತಣ್ಣೀರು ಚಿಮುಕಿಸಿದಳು. ನೊರೆ ಇಳಿಯಿತು. “ರೇಡಿಯೋ ಇದೆಯಾ ಮಾಮಾ? ಮೂರು ಹಾಡು ಬೇಕು.”

“ರೇಡಿಯೋ ಕೆಟ್ಟು ಯಾವ ಕಾಲವಾಯ್ತೋ. ನಾನೇ ಹಾಡ್ಲಾ?” ಮಾಮ ಗಂಟಲು ಸರಿ ಮಾಡಿಕೊಂಡು ಒಂದು ಸಾಲು ಎಳೆದರು. ಕಿಟಕಿಯ ಮೇಲಿದ್ದ ಬೆಕ್ಕು ಎದ್ದು ಹೋಯಿತು.

“ನಾನು ಹಾಡ್ಲಾ?” ಎಂದಳು ಗುಬ್ಬಿ.

ಮೊದಲನೇ ಹಾಡು ಪಾತ್ರೆಗಷ್ಟೇ ಕೇಳಿಸಿತು. ಎರಡನೆಯದಕ್ಕೆ ಮಾಮ ಡಬ್ಬದ ಮೇಲೆ ತಾಳ ಹಾಕಿದರು. ಪಟಾಕಿ ತಿರುವಿದಳು, ತಿರುವಿದಳು. ತೋಳು ನೋಯಿತು, ಬೆವರು ಇಳಿಯಿತು. ದೊಡ್ಡಮ್ಮ ಇದನ್ನ ದಿನಾ ಮಾಡ್ತಾರಲ್ಲಪ್ಪಾ! ಮೂರನೇ ಹಾಡಿನ ನಡುವೆ ಲಾಂಗ್ ಬೆಲ್ ಹೊಡೆಯಿತು. ಹೊರಗೆ ಮಕ್ಕಳೆಲ್ಲ ಹೋ ಎಂದು ಓಡಿದರು. ಆ ಗದ್ದಲಕ್ಕೆ ಗುಬ್ಬಿ ಹಾಡು ನಿಲ್ಲಿಸಲಿಲ್ಲ, ದನಿಯನ್ನೇ ಏರಿಸಿದಳು. ಅಷ್ಟು ದೊಡ್ಡ ದನಿ ಅವಳಲ್ಲಿದೆ ಎಂದು ಪಟಾಕಿಗೂ ಗೊತ್ತಿರಲಿಲ್ಲ.

ಹಸಿ ವಾಸನೆ ಹೋಗಿತ್ತು. ಪಟಾಕಿ ಹಾಲನ್ನು ಆರಿಸಿ ಲೋಟ ತುಂಬಿಸಿದಳು. ಗುಬ್ಬಿ ಕಣ್ಣು ಮುಚ್ಚಿಕೊಂಡು ಗಟಗಟ ಕುಡಿದಳು. ಮೇಲ್ತುಟಿಯ ಮೇಲೆ ಬಿಳಿ ಮೀಸೆ ಮೂಡಿತು. ಒರೆಸಲು ಕೈ ಎತ್ತಿದವಳು ಕೈ ಇಳಿಸಿಬಿಟ್ಟಳು. “ಇರ್ಲಿ ಬಿಡು,” ಎಂದು ನಕ್ಕಳು.

ಮರುದಿನ ಪಟಾಕಿ ಎಲ್ಲರಿಗಿಂತ ಮೊದಲೇ ಬಂದು ಗೇಟಿನ ಹತ್ತಿರ ನಿಂತಿದ್ದಳು. ಗುಬ್ಬಿ ಬೀದಿಯ ತಿರುವಿನಲ್ಲಿ ಕಂಡದ್ದೇ ಅವಳತ್ತ ಓಡಿದಳು.

“ಹೊಟ್ಟೆ?”

“ಗಪ್‌ಚುಪ್!” ಗುಬ್ಬಿ ಹೊಟ್ಟೆ ತಟ್ಟಿಕೊಂಡಳು. “ನಿಮ್ಮ ದೊಡ್ಡಮ್ಮನ ಅಂಗಡಿ ಎಲ್ಲಿ ಅಂತ ಅಮ್ಮ ಕೇಳ್ತಿದ್ರು.”

ಪಟಾಕಿ ಅಲ್ಲೇ ಕುಣಿದುಬಿಟ್ಟಳು.

ಸಂಜೆ ದೊಡ್ಡಮ್ಮನ ಕೋಣೆಯಲ್ಲಿ ಅವಳು ಬ್ಯಾಗ್ ಮೂಲೆಗಿಟ್ಟು, ಕೈ ತೊಳೆದು ಸೀದಾ ಒಲೆಯ ಹತ್ತಿರ ಹೋದಳು. “ಕೊಡಿ ದೊಡ್ಡಮ್ಮಾ, ನಾನು ತಿರುವ್ತೀನಿ. ನೀವು ಕೂತ್ಕೊಳ್ಳಿ.”

“ಏನೇ ಇದು, ಸೂರ್ಯ ಯಾವ ಕಡೆ ಹುಟ್ಟಿದ್ದಾನೆ ಇವತ್ತು?” ಎನ್ನುತ್ತಾ ದೊಡ್ಡಮ್ಮ ಸೌಟು ಕೊಟ್ಟು ಸ್ಟೂಲ್ ಎಳೆದುಕೊಂಡರು.

ನೊರೆ ಬುಸ್ಸೆಂದು ಮೇಲೆ ಬಂತು. ಪಟಾಕಿ ಉರಿ ಸಣ್ಣ ಮಾಡಿ, ತಣ್ಣೀರು ಚಿಮುಕಿಸಿ, ತಿರುವುತ್ತಾ ನಿಂತಳು. ರೇಡಿಯೋದಲ್ಲಿ ಇನ್ನೂ ಮೊದಲನೇ ಹಾಡು ನಡೆಯುತ್ತಿತ್ತು.