ಬೋಜ್ ನೀರು ಕುಡಿದ್ಲಾ?

"ದೂರ ಸರಿ!"

ಮೀರಿಮ್ ಸರಿಯಲಿಲ್ಲ.

ಬೆನ್ನ ಮೇಲೆ ಅಕಾರ್ಡಿಯನ್ ಪೆಟ್ಟಿಗೆ. ಮುಂದೆ ಹತ್ತು ಹೆಜ್ಜೆ ದೂರದಲ್ಲಿ ಬಂದೂಕಿನ ಬಾಯಿ. ಹಿಂದೆ, ಶಿಶುವಿಹಾರದ ಕಸದ ಡಬ್ಬಿಗಳ ನಡುವೆ, ಕರುವಿನಷ್ಟು ದೊಡ್ಡದಾದ ಬೂದು ಬಣ್ಣದ ಹೆಣ್ಣು ನಾಯಿ. ಅದು ಬೊಗಳುತ್ತಿರಲಿಲ್ಲ, ಓಡುತ್ತಲೂ ಇರಲಿಲ್ಲ. ಹಿಮದ ಮೇಲೆ ಸುಮ್ಮನೆ ನಿಂತು ನೋಡುತ್ತಿತ್ತು.

"ಕೇಳಿಸ್ತಿಲ್ವಾ? ಸರಿ ಅಂದೆ!"

"ಮೊದಲು ನನಗೆ ಹೊಡೀರಿ" ಎಂದಳು ಮೀರಿಮ್. ಮಾತೇನೋ ಗಟ್ಟಿಯಾಗಿ ಬಂತು. ಆದರೆ... ದೇವರೇ, ಇವನು ನಿಜವಾಗಿಯೂ ಹೊಡೆದುಬಿಟ್ಟರೆ?

ಆ ಮನುಷ್ಯ ಬಂದೂಕನ್ನು ಕೆಳಗಿಳಿಸಿದ. ಮೂವತ್ತೈದರ ಆಸುಪಾಸು. ಎಷ್ಟೋ ದಿನಗಳಿಂದ ಸರಿಯಾಗಿ ನಿದ್ದೆ ಮಾಡದವನ ಕಣ್ಣು.

"ಇದು ಮಕ್ಕಳು ಓಡಾಡೋ ಜಾಗ. ನಾಳೆ ಯಾವುದಾದ್ರೂ ಮಗುವಿಗೆ ಕಚ್ಚಿದ್ರೆ ಅದರ ತಾಯಿಗೆ ನೀನು ಉತ್ತರ ಹೇಳ್ತೀಯಾ?"

"ಹೇಳ್ತೀನಿ. ಇವತ್ತಿಂದ ಇದು ನನ್ನ ನಾಯಿ."

"ನಿನ್ನ ನಾಯಿ!" ಅವನು ನಗಲಿಲ್ಲ. "ಅದರ ಕುತ್ತಿಗೆ ನೋಡಿದ್ದೀಯಾ?"

ಮೀರಿಮ್ ತಿರುಗಿ ನೋಡಿದಳು. ಕುತ್ತಿಗೆಯ ಸುತ್ತ ತಂತಿಯ ಕುಣಿಕೆ. ಎಂದೋ ಬಿಗಿದದ್ದು ಈಗ ಚರ್ಮದೊಳಗೇ ಇಳಿದುಹೋಗಿತ್ತು.

"ಒಂದು ವಾರ" ಎಂದ ಅವನು ಬಂದೂಕನ್ನು ಹೆಗಲಿಗೇರಿಸುತ್ತಾ. "ಅಷ್ಟರಲ್ಲಿ ಅದಕ್ಕೊಂದು ಮನೆ ಹುಡುಕು. ಮತ್ತೆ ಬೀದಿಯಲ್ಲಿ ಕಂಡ್ರೆ ನಾನು ನನ್ನ ಕೆಲಸ ಮಾಡ್ತೀನಿ."

"ಕೊಲ್ಲೋದೂ ಒಂದು ಕೆಲಸವಾ?"

ಅವನು ಬೆನ್ನು ತಿರುಗಿಸಿ ನಡೆದ.

ಅವನ ಹೆಸರು ಕುಬಾತ್ ಎಂದು ಮೀರಿಮ್‌ಗೆ ಆಮೇಲೆ ತಿಳಿಯಿತು. ನಾರಿನ್ ನದಿಯ ದಂಡೆಯ ನಮ್ಮ ಪಟ್ಟಣದಲ್ಲಿ ಪುರಸಭೆಯ ಪರವಾಗಿ ಬೀದಿ ನಾಯಿಗಳಿಗೆ ಗುಂಡು ಹೊಡೆಯುವವರು ಮೂರು ಜನ. ಅವರಲ್ಲೊಬ್ಬ ಅವನು.

*

"ಏನಮ್ಮಾ ಇದು! ನಾಯಿ ತಂದ್ಯೋ, ಕರಡಿ ತಂದ್ಯೋ?"

ಮನೆಯೊಡತಿ ಜೂರಾ ಅಪಾ, ಅಂದರೆ ಜೂರಾ ಅಕ್ಕ, ಅಂಗಳದಲ್ಲೇ ಎದೆ ಬಡಿದುಕೊಂಡಳು. ಗಂಡನ ಮನೆಯಿಂದ ಹೊರಬಿದ್ದ ಮೇಲೆ ಮೂರು ವರ್ಷಗಳಿಂದ ಮೀರಿಮ್ ಈಕೆಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದಳು. ಬಾಯಿ ಜೋರು, ಮನಸ್ಸು ಬೆಣ್ಣೆ.

"ಒಂದೇ ವಾರ, ಅಪಾ. ಕಲ್ಲಿದ್ದಲಿನ ಕೊಟ್ಟಿಗೆಯಲ್ಲಿ ಇರ್ಲಿ. ಪ್ಲೀಸ್..."

"ಮಕ್ಕಳಿಗೆ ಹಾಡು ಹೇಳ್ಕೊಡೋ ಸಂಬಳದಲ್ಲಿ ನಿನಗೇ ಹೊಟ್ಟೆ ತುಂಬಲ್ಲ, ಇದಕ್ಕೆ ಏನು ಹಾಕ್ತೀಯೇ?" ಎಂದು ಬೈಯುತ್ತಲೇ ಜೂರಾ ಅಪಾ ಒಳಗಿನಿಂದ ಮೂಳೆಯ ಸಾರು ತಂದಿಟ್ಟಳು.

ಮೀರಿಮ್ ಅದಕ್ಕೆ ಬೋಜ್ ಎಂದು ಹೆಸರಿಟ್ಟಳು. ನಮ್ಮಲ್ಲಿ ಬೂದು ಬಣ್ಣಕ್ಕೆ ಹಾಗೆನ್ನುತ್ತಾರೆ. ಬೋಜ್ ಸಾರನ್ನು ಮೂಸಿ ನೋಡಿತು, ಆದರೆ ತಿನ್ನಲಿಲ್ಲ. ನುಂಗಲು ಆ ತಂತಿ ಬಿಡುತ್ತಿರಲಿಲ್ಲ.

ಮೂರನೆಯ ದಿನ ಸಂಜೆ ಕೊಟ್ಟಿಗೆಯ ಬಾಗಿಲಲ್ಲಿ ನೆರಳೊಂದು ಬಿತ್ತು. ಕುಬಾತ್!

ಮೀರಿಮ್ ಚಂಗನೆ ಎದ್ದು ಅಡ್ಡ ನಿಂತಳು. "ಇನ್ನೂ ನಾಲ್ಕು ದಿನ ಇದೆ!"

"ಗೊತ್ತು." ಅವನ ಕೈಯಲ್ಲಿ ಬಂದೂಕಿರಲಿಲ್ಲ. ತಂತಿ ಕತ್ತರಿಸುವ ಇಕ್ಕಳವಿತ್ತು. "ತಲೆ ಗಟ್ಟಿಯಾಗಿ ಹಿಡ್ಕೋ. ಅದರ ಕಿವಿ ಹತ್ತಿರ ಏನಾದ್ರೂ ಮಾತಾಡ್ತಾ ಇರು."

ಏನು ಮಾತಾಡುವುದೆಂದು ತಿಳಿಯದೆ ಮೀರಿಮ್ ಶಿಶುವಿಹಾರದ ಲಾಲಿ ಹಾಡನ್ನೇ ಹಾಡಿದಳು. ಅವನ ಬೆರಳುಗಳು ರಕ್ತ, ಕೀವುಗಳ ನಡುವೆ ನಿಧಾನವಾಗಿ ಚಲಿಸಿದವು. ಟಕ್! ತಂತಿ ತುಂಡಾಯಿತು. ಬೋಜ್ ಒಮ್ಮೆ ನರಳಿತು, ಅಷ್ಟೇ.

ಇಷ್ಟು ಮೃದುವಾದ ಕೈ... ಇದೇ ಕೈ ಬಂದೂಕು ಹಿಡಿಯೋದಾ?

"ಯಾಕೆ ಈ ಕೆಲಸ ಮಾಡ್ತೀರಿ?" ಎಂದು ಕೇಳಿಯೇಬಿಟ್ಟಳು.

"ಯಾರಾದ್ರೂ ಮಾಡ್ಬೇಕಲ್ಲ."

ಅಷ್ಟು ಹೇಳಿ ಹೊರಟುಹೋದ. ಆದರೆ ಮರುದಿನವೂ ಬಂದ, ಅದರ ಮರುದಿನವೂ. ಗಾಯ ತೊಳೆಯುತ್ತಿದ್ದ, ಮುಲಾಮು ಹಚ್ಚುತ್ತಿದ್ದ. ಮಾತು ಕಡಿಮೆ. ಒಂದು ಸಂಜೆ ಮೀರಿಮ್ ಅಕಾರ್ಡಿಯನ್ ನುಡಿಸಿದಾಗ ಬೋಜ್ ಮುಖವೆತ್ತಿ ಊಳಿಡತೊಡಗಿತು. ಜೂರಾ ಅಪಾ ಕಿಟಕಿಯಿಂದ "ಅಯ್ಯೋ, ಇಬ್ಬರಲ್ಲಿ ಒಬ್ಬರಾದ್ರೂ ನಿಲ್ಸಿ!" ಎಂದು ಕೂಗಿದಳು. ಕುಬಾತ್‌ನ ತುಟಿ ಒಂದು ಬದಿಗೆ ಅರಳಿತು.

ಅವನು ನಕ್ಕಿದ್ದನ್ನು ಅವಳು ಮೊದಲ ಬಾರಿ ನೋಡಿದ್ದು ಅಂದೇ. ಆ ರಾತ್ರಿಯಿಡೀ ಅದೇ ನೆನಪು... ಛೇ, ನನಗೇನಾಗಿದೆ?

ಮನೆ ಮಾತ್ರ ಸಿಗಲಿಲ್ಲ. ಶಿಶುವಿಹಾರದ ಪ್ರತಿ ತಂದೆತಾಯಿಯನ್ನೂ ಕೇಳಿದ್ದಾಯಿತು. ಇಷ್ಟು ದೊಡ್ಡ ನಾಯಿ ಯಾರಿಗೂ ಬೇಡ. ಪಕ್ಕದ ಬೀದಿಯವನೊಬ್ಬ ಖುಷಿಯಿಂದ ಒಪ್ಪಿ ಹಗ್ಗವನ್ನೂ ತಂದಿದ್ದ.

"ಸಾಕೋಕಾ?" ಎಂದು ಜೂರಾ ಅಪಾ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

"ಅದು... ಕೊಬ್ಬಿಗೆ, ಅಪಾ. ಎದೆಗೂಡಿನ ಕಾಯಿಲೆಗೆ ನಾಯಿ ಕೊಬ್ಬು ಒಳ್ಳೇದಂತೆ..."

ಜೂರಾ ಅಪಾ ಪೊರಕೆ ಹಿಡಿದು ಅವನನ್ನು ಬೀದಿಯ ತುದಿಯವರೆಗೂ ಅಟ್ಟಿಸಿಕೊಂಡು ಹೋದಳು.

*

ಆರನೆಯ ದಿನ. ವಸಂತದ ಹೊಸ ವರ್ಷ ನೂರೂಜ್ ಹಬ್ಬಕ್ಕೆ ಇನ್ನು ಎರಡೇ ದಿನವಿದ್ದುದರಿಂದ ಊರೆಲ್ಲ ಗುಡಿಸಿ ತೊಳೆಯುತ್ತಿದ್ದರು. ಮಕ್ಕಳಿಗೆ ಹಬ್ಬದ ಹಾಡು ಅಭ್ಯಾಸ ಮಾಡಿಸುತ್ತಿದ್ದ ಮೀರಿಮ್‌ಗೆ ನದಿಯ ಕಡೆಯಿಂದ ಎರಡು ಗುಂಡಿನ ಸದ್ದು ಕೇಳಿಸಿತು. ಅಕಾರ್ಡಿಯನ್ ಮೇಲಿನ ಬೆರಳು ಅಲ್ಲೇ ನಿಂತಿತು.

ಸಂಜೆ ಮನೆಗೆ ಓಡಿದಳು. ಕೊಟ್ಟಿಗೆಯ ಬಾಗಿಲು ತೆರೆದಿತ್ತು. ಒಳಗೆ ಯಾರೂ ಇಲ್ಲ! ಹೊಸ್ತಿಲ ಹಿಮದ ಮೇಲೆ ರಕ್ತದ ಹನಿಗಳು.

ಜೂರಾ ಅಪಾ ತಂಗಿಯ ಮನೆಗೆ ಹಬ್ಬದ ಅಡುಗೆಗೆ ಹೋಗಿದ್ದಳು. ಪಕ್ಕದ ಮನೆಯವಳು ಹೇಳಿದಳು: "ಆ ಬಂದೂಕಿನವನು ಬಂದಿದ್ನಲ್ಲ. ಎಳ್ಕೊಂಡು ಹೋಗಿ ಕಾರಿಗೆ ಹಾಕಿದ. ಏನು ಒದ್ದಾಡ್ತಿತ್ತು ಪಾಪ!"

ಮೀರಿಮ್ ಕುಬಾತ್‌ಗೆ ಮತ್ತೆ ಮತ್ತೆ ಫೋನ್ ಮಾಡಿದಳು. ಸಿಗಲೇ ಇಲ್ಲ.

ಮರುದಿನ ಬೆಳಿಗ್ಗೆ ಸೇತುವೆಯ ಮೇಲೆ ಎದುರಾದ. ಎಡಗೈಯ ತೋಳಿನ ಮೇಲೆ ಒಣಗಿದ ರಕ್ತದ ಕಲೆ.

"ಮೀರಿಮ್, ನಿನ್ನನ್ನೇ ಹುಡುಕ್ತಿದ್ದೆ..."

"ಮಾತಾಡ್ಬೇಡ!" ಅವಳ ಸ್ವರ ಒಡೆಯಿತು. "ಒಂದು ವಾರ ಅಂದಿದ್ದೆ. ವಾರ ತುಂಬೋವರೆಗೂ ತಡ್ಕೊಳ್ಳೋಕಾಗ್ಲಿಲ್ವಾ? ಗಾಯ ತೊಳೆದ ಕೈಯಿಂದಲೇ..."

"ಒಂದು ನಿಮಿಷ ಕೇಳು."

"ಏನು ಕೇಳೋದು? ನಿನಗೊಂದು ಮಗು ಅಂತ ಇದ್ದಿದ್ರೆ ಜೀವ ಅಂದ್ರೆ ಏನು ಅಂತ ಗೊತ್ತಿರ್ತಿತ್ತು!"

ಅವನ ಮುಖದಿಂದ ಬಣ್ಣವೆಲ್ಲ ಇಳಿದುಹೋಯಿತು. ಅವಳನ್ನು ದಾಟಿ, ತಲೆ ತಗ್ಗಿಸಿ ನಡೆದುಹೋದ.

*

"ಅಯ್ಯೋ ನನ್ನ ಮರೆವಿಗೆ ಬೆಂಕಿ ಬೀಳ!" ಮಧ್ಯಾಹ್ನ ಮನೆಗೆ ಬಂದ ಜೂರಾ ಅಪಾ ಹಣೆ ಚಚ್ಚಿಕೊಂಡಳು. "ಕೊಟ್ಟಿಗೆ ಬೀಗದ ಕೈ ಕೊಟ್ಟಿದ್ದೇ ನಾನು ಕಣೇ! ಹಬ್ಬಕ್ಕೆ ಊರು ಶುದ್ಧ ಮಾಡ್ತೀವಿ ಅಂತ ಉಳಿದಿಬ್ಬರು ಬಂದೂಕು ಹಿಡ್ಕೊಂಡು ಬರ್ತಿದ್ರು. ಯಾರೋ ನಮ್ಮ ಕೊಟ್ಟಿಗೆ ವಿಷಯ ಹೇಳ್ಬಿಟ್ಟಿದ್ರು. ಅದಕ್ಕೇ ಕುಬಾತ್ ಓಡೋಡಿ ಬಂದ. ಮೇಲಿನ ಕಣಿವೆಯಲ್ಲಿ ಕುರಿ ಕಾಯೋ ಬುರುಲ್ ಅಪಾ ಹತ್ರ ಬಿಡ್ತೀನಿ, ಅವಳ ನಾಯಿನ ಈ ಚಳಿಗಾಲದಲ್ಲಿ ತೋಳ ತಿಂದುಹಾಕ್ತು ಅಂದ. ನಿನಗೆ ಫೋನ್ ಮಾಡಿದೆ, ಎತ್ತಲಿಲ್ಲ. ಆಮೇಲೆ ಅಡುಗೆ ಗಡಿಬಿಡಿಯಲ್ಲಿ..."

"ಬೋಜ್... ಬದುಕಿದ್ದಾಳಾ?"

"ಬದುಕಿದೆ ಮಾರಾಯ್ತಿ! ಕಾರಿಗೆ ಎತ್ತಿ ಹಾಕುವಾಗ ಪಾಪ ಅವನ ಕೈಗೇ ಬಾಯಿ ಹಾಕ್ತು. ಆಸ್ಪತ್ರೆಗೆ ಹೋಗೋ ಅಂದ್ರೆ, ಹೋದ್ರೆ ಯಾವ ನಾಯಿ ಅಂತ ಕೇಳ್ತಾರೆ, ಕೊಂದ್ಬಿಡ್ತಾರೆ ಅಂದ."

ಮೀರಿಮ್ ಗೋಡೆಗೆ ಒರಗಿದಳು. "ಅಪಾ... ನಾನು ಅವನಿಗೆ, ಮಗು ಇದ್ದಿದ್ರೆ ಜೀವದ ಬೆಲೆ ಗೊತ್ತಿರ್ತಿತ್ತು ಅಂದ್ಬಿಟ್ಟೆ."

ಜೂರಾ ಅಪಾ ಅವಳನ್ನು ಹಿಡಿದು ಕೂರಿಸಿದಳು.

"ಅವನಿಗೊಬ್ಬಳು ಮಗಳಿದ್ಲು ಕಣೇ. ಆರು ವರ್ಷದವಳು. ಹಳ್ಳಿಯಲ್ಲಿದ್ದಾಗ ಒಂದು ಬೀದಿ ಮರಿ ಅವಳ ಬೆರಳು ಕಚ್ತು. ಹೇಳಿದ್ರೆ ಮರಿನ ಎಲ್ಲಿ ಕೊಂದ್ಬಿಡ್ತಾರೋ ಅಂತ ಮಗು ಯಾರಿಗೂ ಹೇಳ್ಲೇ ಇಲ್ಲ. ತಿಂಗಳು ಕಳೆದ ಮೇಲೆ ನೀರು ಕಂಡ್ರೆ ಚೀರೋಕೆ ಶುರು ಮಾಡಿದ್ಲು. ಆಮೇಲೆ ಯಾರ ಕೈಯಲ್ಲೂ ಏನೂ ಆಗ್ಲಿಲ್ಲ. ಹೆಂಡತಿಯೂ ಬಿಟ್ಟು ಹೋದ್ಲು. ಯಾರೂ ಒಪ್ಪದ ಆ ಬಂದೂಕಿನ ಕೆಲಸ ಅವನು ಹಿಡಿದಿದ್ದು ಅದಾದ ಮೇಲೆ."

ಮಕ್ಕಳಾಗಲಿಲ್ಲವೆಂದು ಅತ್ತೆ ಮೀರಿಮ್‌ಳ ಮುಖಕ್ಕೆ ಎಸೆದಿದ್ದ ಮಾತೇ ಅದು. ಎಂಟು ವರ್ಷ ಅದನ್ನು ನುಂಗಿಕೊಂಡು ಬದುಕಿದವಳು, ಇಂದು ತಾನೇ ಇನ್ನೊಬ್ಬರ ಎದೆಗೆ ಎಸೆದುಬಿಟ್ಟಿದ್ದಳು!

*

ಅವನ ಮನೆ ನದಿಯ ಆಚೆ ದಂಡೆಯಲ್ಲಿತ್ತು. ಬಾಗಿಲು ತೆರೆದವನ ಎಡಗೈಗೆ ಬಟ್ಟೆ ಸುತ್ತಿತ್ತು.

"ಕ್ಷಮೆ ಆಮೇಲೆ ಕೇಳ್ತೀನಿ" ಎಂದಳು ಏದುಸಿರು ಬಿಡುತ್ತಾ. "ಮೊದಲು ಕೋಟು ಹಾಕ್ಕೋ. ಆಸ್ಪತ್ರೆಗೆ ಹೋಗೋಣ."

"ನಾಯಿ ಚೆನ್ನಾಗೇ ಇದೆ. ಬೇಕಾಗಿಲ್ಲ."

"ಕುಬಾತ್!"

"ಹೋದ್ರೆ ಅದನ್ನ ಕೊಲ್ತಾರೆ, ಮೀರಿಮ್. ನೀನು ಅಷ್ಟು ಕಷ್ಟಪಟ್ಟು ಉಳಿಸಿದ್ದು."

ಮೀರಿಮ್ ಅವನ ಕಣ್ಣನ್ನೇ ನೋಡಿದಳು. ಹೇಳಬಾರದ ಮಾತು. ಆದರೂ ಹೇಳಲೇಬೇಕು...

"ನಿನ್ನ ಮಗಳೂ ಹೀಗೇ ಅಂದ್ಕೊಂಡಿದ್ದಳಲ್ವಾ?"

ಕುಬಾತ್ ಹೊಸ್ತಿಲ ಮೇಲೆ ಕುಸಿದು ಕುಳಿತ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುತ್ತಿತ್ತು. ಮೀರಿಮ್ ಪಕ್ಕದಲ್ಲೇ ಕುಳಿತಳು. ಬಹಳ ಹೊತ್ತಾದ ಮೇಲೆ ಅವನು ತಾನಾಗಿಯೇ ಎದ್ದು ಕೋಟು ತೊಟ್ಟ.

ಆಸ್ಪತ್ರೆಯಲ್ಲಿ ನರ್ಸ್ ಕಾಗದ ಮುಂದಿಟ್ಟು ಕೇಳಿದಳು: "ಯಾರ ನಾಯಿ?"

ಅವನು ಬಟ್ಟೆ ಸುತ್ತಿದ ಕೈಯನ್ನು ಕೋಟಿನೊಳಗೆ ಎಳೆದುಕೊಂಡ.

"ನನ್ನದು" ಎಂದಳು ಮೀರಿಮ್. "ಕಟ್ಟಿಹಾಕಿದೆ. ಹತ್ತು ದಿನ ನಾನೇ ಪಕ್ಕದಲ್ಲಿದ್ದು ನೋಡ್ಕೋತೀನಿ. ಎಲ್ಲಿ ಸಹಿ ಹಾಕ್ಲಿ?"

"ಹತ್ತು ದಿನ ನಾಯಿ ಆರೋಗ್ಯವಾಗಿದ್ರೆ ಹುಚ್ಚುನಾಯಿ ರೋಗದ ಭಯವಿಲ್ಲ. ಆದ್ರೂ ಸೂಜಿ ಒಂದನ್ನೂ ತಪ್ಪಿಸಬಾರದು" ಎಂದಳು ನರ್ಸ್.

*

ಶಿಶುವಿಹಾರಕ್ಕೆ ರಜೆ ಹಾಕಿ ಮೀರಿಮ್ ಕಣಿವೆ ಹತ್ತಿದಳು. ಕುರಿಗಳು ಮರಿ ಹಾಕುವ ಕಾಲ. ಎಪ್ಪತ್ತರ ಬುರುಲ್ ಅಪಾ ಹಟ್ಟಿಯಲ್ಲಿ ಒಬ್ಬಳೇ ಒದ್ದಾಡುತ್ತಿದ್ದಳು.

"ಪೇಟೆ ಎಂಜಲು ತಿಂದ ನಾಯಿ ಕುರಿ ಕಾಯುತ್ತಾ? ಹತ್ತು ದಿನ ಆದ್ಮೇಲೆ ವಾಪಸ್ ಕರ್ಕೊಂಡು ಹೋಗು" ಎಂದು ಮೊದಲ ದಿನವೇ ಹೇಳಿಬಿಟ್ಟಳು.

ಹಟ್ಟಿಯಲ್ಲಿ ಫೋನ್ ಸಿಗುತ್ತಿರಲಿಲ್ಲ. ಪ್ರತಿ ಸಂಜೆ ಮೀರಿಮ್ ಹಿಂದಿನ ದಿಬ್ಬ ಹತ್ತುತ್ತಿದ್ದಳು. ಒಂದೇ ರಿಂಗಿಗೆ ಅವನು ಎತ್ತುತ್ತಿದ್ದ.

"ನೀರು ಕುಡೀತಾ?"

"ಕುಡೀತು. ಒಂದು ಬಕೆಟ್. ನೀನು ಊಟ ಮಾಡ್ದ್ಯಾ?"

"ಹ್ಞೂಂ."

"ಸುಳ್ಳು."

ಆ ಕಡೆಯಿಂದ ಸಣ್ಣ ನಗು. ಇಬ್ಬರೂ ಫೋನ್ ಇಡುತ್ತಿರಲಿಲ್ಲ.

ಐದನೆಯ ದಿನ ಬೋಜ್ ಬೆಳಿಗ್ಗೆಯಿಡೀ ಬಕೆಟ್ಟಿನ ಹತ್ತಿರವೂ ಬರಲಿಲ್ಲ. ಮೀರಿಮ್ ಅದರ ಮುಂದಿನಿಂದ ಕದಲಲಿಲ್ಲ. ಕುಬಾತ್‌ಗೆ ಏನಾದರೂ ಆದರೆ? ನಾನು ಅವನನ್ನು ಪ್ರೀತಿಸ್ತೀನಿ ಅಂತ ಅವನಿಗೆ ಗೊತ್ತೇ ಇಲ್ವಲ್ಲ... ಮನಸ್ಸು ಹಾಗೆಂದಾಗ ಅವಳೇ ಬೆಚ್ಚಿದಳು. ಮಧ್ಯಾಹ್ನ ಬೋಜ್ ಎದ್ದು ಮೈ ಕೊಡವಿ ಬಕೆಟ್ಟಿಗೆ ಬಾಯಿ ಹಾಕಿತು. ಅವಳು ಹಿಮದ ಮೇಲೆ ಕುಳಿತು ಮಗುವಿನಂತೆ ಅತ್ತಳು.

"ಬೋಜ್ ನೀರು ಕುಡಿದ್ಲಾ?" ಎಂದು ಆ ಸಂಜೆ ಅವನು ಕೇಳಿದ. ಮೊದಲ ಬಾರಿ ಹೆಸರು ಹಿಡಿದು.

"ಕುಡಿದ್ಲು, ಕುಬಾತ್. ಕುಡಿದ್ಲು."

ಏಳನೆಯ ದಿನ ಆಗತಾನೇ ಹುಟ್ಟಿದ ಕುರಿಮರಿಯೊಂದು ಬೇಲಿಯಡಿ ತೂರಿ ಬೋಜ್‌ನ ಕಾಲ ಬಳಿ ಹೋಗಿ ಬಿತ್ತು. ಮೀರಿಮ್ ಚೀರಿ ಓಡಿದಳು. ಬೋಜ್ ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ, ಮರಿಯನ್ನು ಹೊಟ್ಟೆಗಾನಿಸಿಕೊಂಡು ಮಲಗಿತ್ತು.

ಬುರುಲ್ ಅಪಾ ಬೇಲಿಯ ಬಳಿ ಬಂದು ನೋಡಿದಳು.

"ಇದು ಯಾವುದೋ ಹಟ್ಟಿಯಲ್ಲಿ ಹುಟ್ಟಿ ಬೆಳೆದ ನಾಯಿ ಕಣಮ್ಮಾ. ಯಾರು ಅಂಥ ತಂತಿ ಬಿಗಿದ್ರೋ, ಅವರ ಕೈ ಸೇದಿಹೋಗ!" ಎಂದು ಮೂಗು ಒರೆಸಿಕೊಂಡು, ತನ್ನ ಬಟ್ಟಲಿನ ಮಾಂಸವನ್ನೇ ತಂದು ಹಾಕಿದಳು.

ಹತ್ತನೆಯ ದಿನ ಮಧ್ಯಾಹ್ನ ಕುಬಾತ್‌ನ ಹಳೆಯ ಕಾರು ಕಣಿವೆ ಹತ್ತಿ ಬಂತು. ಬೋಜ್‌ನ ಹಗ್ಗವನ್ನು ಅವನೇ ಬಿಚ್ಚಿದ. ಅದು ಅವನ ಗಾಯದ ಕೈಯನ್ನು ಮೂಸಿತು, ಮೀರಿಮ್‌ಳ ಮಡಿಲಿಗೆ ಒಮ್ಮೆ ತಲೆ ಒತ್ತಿತು. ಆಮೇಲೆ ತಿರುಗಿ, ಬುರುಲ್ ಅಪಾಳ ಕುರಿಗಳ ಹಿಂದೆ ಇಳಿಜಾರಿನತ್ತ ನಡೆಯಿತು.

"ಕರೆದ್ರೆ ಬರ್ತಾಳೆ" ಎಂದ ಕುಬಾತ್.

"ಬೇಡ." ಮೀರಿಮ್ ಕಣ್ಣೊರೆಸಿಕೊಂಡಳು. "ಅವಳ ಮನೆ ಸಿಕ್ತಲ್ಲ."

ಇಬ್ಬರೂ ಬೇಲಿಗೆ ಒರಗಿ ನಿಂತರು.

"ಸೋಮವಾರ ಬಂದೂಕು ವಾಪಸ್ ಕೊಟ್ಟೆ" ಎಂದ ಅವನು. "ಮುಂದೆ ಏನು ಮಾಡ್ತೀನೋ ಗೊತ್ತಿಲ್ಲ. ನನ್ನ ಹತ್ರ ಏನೂ ಇಲ್ಲ, ಮೀರಿಮ್. ಆದ್ರೆ ಈ ಹತ್ತು ದಿನ ಸಂಜೆ ಆಗೋದನ್ನೇ ಕಾಯ್ತಿದ್ದೆ. ನಾಯಿಗೋಸ್ಕರ ಮಾತ್ರ ಅಲ್ಲ..."

"ನಾನೂ ನಾಯಿಗೋಸ್ಕರ ಮಾತ್ರ ದಿಬ್ಬ ಹತ್ತಲಿಲ್ಲ." ಅವಳು ಅವನ ಗಾಯದ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದಳು. "ನನಗೆ ಮಕ್ಕಳಾಗಲ್ಲ. ಮೊದಲೇ ಹೇಳ್ಬಿಡ್ತೀನಿ. ಅದಕ್ಕೇ ಗಂಡ ನನ್ನ ಬಿಟ್ಟಿದ್ದು."

"ನಾನು ಬಿಡಲ್ಲ."

ಆ ಕೈಯ ಕಲೆಯನ್ನು ಅವಳು ಹೆಬ್ಬೆರಳಿನಿಂದ ಸವರಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಅವಳ ಹೆಸರೇನು? ನಿನ್ನ ಮಗಳದ್ದು..."

ಮೂರು ವರ್ಷಗಳಿಂದ ಅವನ ಬಾಯಿಗೆ ಬಾರದ ಹೆಸರು.

"ತುಮಾರ್."

"ತುಮಾರ್..." ಮೀರಿಮ್ ಜೋಪಾನವಾಗಿ ಉಚ್ಚರಿಸಿದಳು. "ಹೇಗಿದ್ದಳು? ಹೇಳು."

"ಹೇಳ್ತಾ ಹೋದ್ರೆ ತುಂಬ ಹೊತ್ತಾಗುತ್ತೆ."

"ಆಗ್ಲಿ" ಎಂದಳು ಅವನ ಭುಜಕ್ಕೆ ತಲೆಯಿಟ್ಟು. "ನಾನು ಎಲ್ಲೂ ಹೋಗಲ್ಲ."