ಟೈಲರಮ್ಮನ ಒಪ್ಪಿಗೆ

ಅತ್ತೆ ಸೊಸೆ ಇಬ್ಬರೂ ಕುರ್ಚಿ ತೋರಿಸಿದರೂ, ಅವರ ಮನೆಗೆ ಬಂದ ಟೈಲರಮ್ಮ ಕೂರಲಿಲ್ಲ. ಮೊಬೈಲನ್ನು ಮೇಜಿನ ಮೇಲಿಟ್ಟು, "ದನಿ ನಂದೇ ಅಮ್ಮ. ಮಾತು ಮಾತ್ರ ನಾನು ಆಡಿದ್ದಲ್ಲ" ಎಂದರು.

ಮೊಬೈಲಿನಿಂದ ಮೂರು ಪದ ಬಂದವು: "ಸಾಯಾ ಸೆತುಜು ಪಿಂದಾ." ಟೈಲರಮ್ಮನ ಮನೆಮಾತು ಇಂಡೊನೇಷ್ಯನ್. ಜಾಗ ಬಿಡಲು ಒಪ್ಪಿದ್ದೇನೆ ಎಂದು ಅದರ ಅರ್ಥ. ನಗರದ ಆಡಳಿತವನ್ನೆಲ್ಲ ಕಂಪ್ಯೂಟರಿಗೆ ಜೋಡಿಸುವ ಯೋಜನೆಯಲ್ಲಿ ಅವರ ಮನೆ ಇರುವ ಕಡೆ ನಿಯಂತ್ರಣ ಕೊಠಡಿ ಬರಬೇಕಿತ್ತು. ಒಪ್ಪುವವರು ಬೀದಿ ಮೂಲೆಯಲ್ಲಿ ಮಾತು ದಾಖಲಿಸುವ ದನಿಪೆಟ್ಟಿಗೆಯ ಮುಂದೆ ನಿಂತು ಮನೆಮಾತಿನಲ್ಲೇ ಹಾಗೆಂದು ಹೇಳಿದರೆ ಸಾಕು. ಆ ಪೆಟ್ಟಿಗೆಯಲ್ಲಿ ಈ ಮೂರು ಪದ ಸಿಕ್ಕಿದ್ದವು; ಕಚೇರಿಯವರು ಅದನ್ನೇ ಟೈಲರಮ್ಮನ ಮೊಬೈಲಿಗೆ ಕಳಿಸಿದ್ದರು. ಅಂದು ಸಂಜೆ ನಾಲ್ಕಕ್ಕೆ ಒಪ್ಪಿದವರ ಪಟ್ಟಿ ಮುಗಿಯುತ್ತಿತ್ತು. ಆಮೇಲೆ ಮನೆ ಹೋದಂತೆಯೇ.

ಸೊಸೆ ಆಗಲೇ ಸ್ಕೂಟರಿನ ಕೀಲಿಗೆ ಕೈ ಹಾಕಿದಳು. ಅತ್ತೆ ಮಾತ್ರ ಅಲುಗಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಊರಿನವರ ಮಾತುಕತೆ ಜೋಡಿಸಿ, ನಿವೃತ್ತಿಯಾದ ಮೇಲೆ ಊರಿನವರ ಗುಟ್ಟು ಬಿಡಿಸುತ್ತಿದ್ದ ಹೆಂಗಸು ಅದು. ಸ್ಕೂಟರ್ ಓಡಿಸುವುದು, ಎಲ್ಲ ಬರೆದಿಟ್ಟುಕೊಳ್ಳುವುದು, ನಡುನಡುವೆ ಬೈಸಿಕೊಳ್ಳುವುದು ಸೊಸೆಯ ಪಾಲು.

ಅತ್ತೆ ಆ ಮೂರು ಪದಗಳನ್ನು ಏಳು ಸಲ ಕೇಳಿದರು. "ಹಿಂದೆ ಟಿಕ್ ಟಿಕ್ ಅಂತಿದೆ, ಗೊತ್ತಾಗ್ತಿದೆಯಾ?"

"ಗಡಿಯಾರ ಇರಬೇಕು ಅತ್ತೆ."

"ಬೀದಿ ಮೂಲೇಲಿ ಗಡಿಯಾರ ಎಲ್ಲಿಂದ ಬಂತು? ಅದೂ ಎಂಥ ಗಡಿಯಾರ, ಎರಡು ಟಿಕ್ ಒತ್ತಾಗಿ ಬರುತ್ತೆ, ಆಮೇಲೆ ಒಂದು ಬರೋದೇ ಇಲ್ಲ." ಅತ್ತೆ ಟೈಲರಮ್ಮನ ಕಡೆ ತಿರುಗಿದರು. "ಈ ಪದಗಳನ್ನ ಎಲ್ಲಾದ್ರೂ ಹೇಳಿದ್ದುಂಟಾ?"

"ದನಿಪೆಟ್ಟಿಗೆಗೆ ನಮ್ಮ ಭಾಷೆ ಕಲಿಸಬೇಕು ಅಂತ ಕರೆದಿದ್ರು. ಸ್ವರ ಅಳೆಯೋಕೆ ಅಂತ ಇನ್ನೂರು ಪದ ಬಿಡಿಬಿಡಿಯಾಗಿ ಹೇಳಿಸಿದ್ರು. ಅದರಲ್ಲಿ ಇವೂ ಇದ್ವು."

ಮಧ್ಯಾಹ್ನ ಒಂದೂವರೆಗೆ ಅತ್ತೆ ಸೊಸೆ ಆ ರೆಕಾರ್ಡಿಂಗ್ ಕೋಣೆಯಲ್ಲಿದ್ದರು. ಗೋಡೆಗೆಲ್ಲ ದಪ್ಪ ಬಟ್ಟೆ, ಫ್ಯಾನಿಲ್ಲ, ಉಸಿರು ಕಟ್ಟುವಂಥ ಸೆಕೆ. ಭಾಷಾತಜ್ಞೆ ಮಾತುಗಾತಿ. "ಅವರ ಭಾಷೇಲಿ ಸ್ವರ ಆರೇ. 'ಸೆತುಜು'ನಲ್ಲಿ ಮೊದಲನೇದು ಅರ್ಧ ನುಂಗಿದ ಹಾಗೆ ಬರುತ್ತೆ. ಯಂತ್ರಕ್ಕೆ ಅದನ್ನ ಕಲಿಸೋಕೆ ನಿಶ್ಶಬ್ದ ಬೇಕೇ ಬೇಕು."

"ಅದಕ್ಕೇ ಗೋಡೆ ಗಡಿಯಾರ ನಿಂತಿದೆಯಾ?" ಅತ್ತೆ ಕೇಳಿದರು.

"ನಾನೇ ಸೆಲ್ ತೆಗೆದೆ. ಮೊದಲ ದಿನ ಅದರ ಸದ್ದು ಸೇರಿ ಎಲ್ಲ ಹಾಳಾಯ್ತು. ಅಳಿಸಿಹಾಕಿ ಮಾರನೇ ದಿನ ಮತ್ತೆ ಓದಿಸಿದೆ."

ಮೂಲೆಯಲ್ಲಿದ್ದ ತಂತ್ರಜ್ಞ ಯಾರೂ ಕೇಳದಿದ್ದರೂ, "ನಾನು ಸೇರಿದ್ದೇ ಎರಡನೇ ದಿನ. ಚೆನ್ನಾಗಿರೋ ಪ್ರತಿ ನನ್ನ ಹತ್ರಾನೂ ಇದೆ" ಎಂದು ಬೆವರು ಒರೆಸಿಕೊಂಡ. ಸೊಸೆ ಅವನ ಹೆಸರಿನ ಕೆಳಗೆ ಎರಡು ಗೆರೆ ಎಳೆದಳು.

ಅಲ್ಲಿಂದ ಯೋಜನಾಧಿಕಾರಿಯ ಕಚೇರಿಗೆ ಹೋದರು. ಮರ್ಯಾದಸ್ಥ, ಚಹಾ ತರಿಸಿದರು. ರೆಕಾರ್ಡಿಂಗ್ ಕೇಳಿದ್ದೀರಾ ಎಂದರೆ, "ಮೊದಲ ದಿನ ಸಂಜೇನೇ ಒಂದು ಪ್ರತಿ ತಂದು ಆಯುಕ್ತರಿಗೆ ಕೇಳಿಸಿದ್ದೆ. ಆಮೇಲೆ ಆ ಕಡೆ ತಲೆ ಹಾಕೋಕೂ ಪುರುಸೊತ್ತಿಲ್ಲ" ಎಂದು ನಕ್ಕರು. ಅತ್ತೆ ಚಹಾ ಮುಟ್ಟದೆ ಎದ್ದರು.

ಮೂರೂ ಮುಕ್ಕಾಲಿಗೆ ಆಯುಕ್ತೆಯ ಕೋಣೆಯಲ್ಲಿ ಎಲ್ಲರೂ ಸೇರಿದರು. ಸೊಸೆಯ ಕಣ್ಣು ಮತ್ತೆ ಮತ್ತೆ ವಾಚಿನ ಕಡೆ ಹೋಗುತ್ತಿತ್ತು.

"ಇದು ಒಂದೇ ಉಸಿರಲ್ಲಿ ಆಡಿದ ಮಾತಲ್ಲ," ಅತ್ತೆ ಶುರುಮಾಡಿದರು. "ಹಾಗಿದ್ದಿದ್ರೆ ಹಿಂದಿನ ಗಡಿಯಾರ ತಾಳ ತಪ್ಪುತ್ತಿರಲಿಲ್ಲ. ಪದಗಳನ್ನ ಕತ್ತರಿಸಿ ಜೋಡಿಸಿದಾಗ ಟಿಕ್ಕುಗಳೂ ಕತ್ತರಿಸಿಹೋದ್ವು. ಜೋಡಿಸಿದ್ದನ್ನ ಪೆಟ್ಟಿಗೆ ಮುಂದೆ ಹಿಡಿದು ಕೇಳಿಸಿದ್ದಾರೆ, ಅಷ್ಟೇ. ಟಿಕ್ ಇದೆ ಅಂದ್ರೆ ಪದಗಳು ಮೊದಲ ದಿನದವು. ಭಾಷಾತಜ್ಞೆ ಹತ್ರ, ಈ ತಂತ್ರಜ್ಞರ ಹತ್ರ ಸ್ವಚ್ಛವಾದ ಪ್ರತಿ ಇತ್ತು. ಚೆನ್ನಾಗಿರೋದು ಕೈಯಲ್ಲಿರುವಾಗ ಹಾಳಾಗಿರೋದನ್ನ ಯಾರು ಮುಟ್ಟುತ್ತಾರೆ? ಅದು ಹಾಳು ಅನ್ನೋದೇ ಗೊತ್ತಿಲ್ಲದವರು, ಬೇರೆ ಪ್ರತಿ ಇಲ್ಲದವರು. ಮೊದಲ ದಿನದ ಪ್ರತಿ ತಂದೆ, ಮತ್ತೆ ಆ ಕಡೆ ಹೋಗಲಿಲ್ಲ ಅಂತ ಒಬ್ಬರೇ ಹೇಳಿದ್ದು."

ಯೋಜನಾಧಿಕಾರಿಯ ಮುಖ ಸುಣ್ಣದಂತಾಯಿತು. ಸೊಸೆ ಸದ್ದಿಲ್ಲದೆ ಆ ಎರಡು ಗೆರೆಗಳನ್ನು ಹೊಡೆದುಹಾಕಿದಳು.

"ನಾನು ಕಾಸು ಮುಟ್ಟಿದವನಲ್ಲ ಮೇಡಂ," ಎಂದರು ಅವರು. "ಇವರ ಮೊಬೈಲಿಗೆ ನಾಲ್ಕು ನೋಟಿಸ್ ಕಳಿಸಿದೆ, ಉತ್ತರವೇ ಇಲ್ಲ. ಪಟ್ಟಿಯಲ್ಲಿ ಒಂದು ಮನೆಯ ಒಪ್ಪಿಗೆ ಬಾಕಿ ಇದ್ದಿದ್ದಕ್ಕೆ ಇಡೀ ನಗರದ ಯೋಜನೆ ನಿಂತಿತ್ತು. ಆರು ವರ್ಷದ ದುಡಿಮೆ ಅದು."

ಟೈಲರಮ್ಮ ಮೊದಲ ಸಲ ಅವರನ್ನು ನೇರವಾಗಿ ನೋಡಿದರು. "ನನಗೆ ಓದೋಕೆ ಬರಲ್ಲ ಸ್ವಾಮಿ. ಆ ಇನ್ನೂರು ಪದಾನೂ ಅವರು ಹೇಳಿಕೊಟ್ಟ ಹಾಗೆ ಹೇಳಿದ್ದು. ನೀವು ಬಾಗಿಲಿಗೆ ಬಂದು ಕೇಳಿದ್ದಿದ್ರೆ, ಮುಂದಿನ ಹೊಲಿಗೆ ಕೋಣೆ ಕೊಡ್ತಿದ್ದೆ. ನನಗೂ ಮಗಳಿಗೂ ಹಿಂದಿನ ಎರಡು ಕೋಣೆ ಸಾಕಾಗ್ತಿತ್ತು."

ಆಯುಕ್ತೆ ನಕ್ಷೆಯನ್ನು ಎಳೆದುಕೊಂಡು ಸ್ವಲ್ಪ ಹೊತ್ತು ನೋಡಿದರು. "ನಮಗೂ ಮುಂದಿನ ಆ ಒಂದು ಕೋಣೆ ಸಾಕಿತ್ತು" ಎಂದರು ಮೆಲ್ಲಗೆ. ಯೋಜನಾಧಿಕಾರಿ ತಲೆಯ ಮೇಲೆ ಕೈ ಹೊತ್ತು ಕುಳಿತರು. ಅವರನ್ನು ಕಂಡು ಸೊಸೆಗೆ ಮರುಕವೂ ಆಯಿತು, ಸಿಟ್ಟೂ ಬಂತು.

"ಈಗ ನಾನೇ ಕೇಳ್ತಿದ್ದೀನಿ ತಾಯಿ," ಎಂದರು ಆಯುಕ್ತೆ. "ಆ ಕೋಣೆ ಕೊಡ್ತೀರಾ?"

ನಾಲ್ಕಕ್ಕೆ ಇನ್ನೂ ಎರಡು ನಿಮಿಷವಿತ್ತು. ಟೈಲರಮ್ಮ ಸೆರಗು ಸರಿಪಡಿಸಿಕೊಂಡು ಎದ್ದು ನಿಂತರು.

"ಇಲ್ಲ" ಎಂದರು. "ಈ ಸಲ ದನೀನೂ ನಂದೇ, ಮಾತೂ ನಂದೇ."